ಶ್ವಾಸಪಥಾಧಿಕರಣ: ನಳಿಕಾಪ್ರವೇಶದ ಲಕ್ಷಣ, ನಿಮಿತ್ತ ಮತ್ತು ಸ್ಥಾನ

ಸ್ವಂತ ಉಸಿರಾಟವು ಪ್ರಾಣಧಾರಣೆಗೆ ಸಾಲದ ರೋಗಿಯ ಶ್ವಾಸನಾಳಕ್ಕೆ ನಳಿಕೆಯನ್ನು ಇಳಿಸುವ ಕ್ರಿಯೆ ಇಲ್ಲಿಯ ವಿಷಯ. ವಿಚಾರದ ನೆಲ ಚಿಕ್ಕಬಳ್ಳಾಪುರ ಜಿಲ್ಲೆ, ಅದರಲ್ಲಿಯೂ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು. ಸಂಶಯ ಹೀಗೆ: ಈ ಕ್ರಿಯೆ ರೋಗಿ ಮೊದಲು ತಲುಪಿದ ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯತಕ್ಕದ್ದೋ, ಅಥವಾ ಬೆಂಗಳೂರಿನ ತೀವ್ರನಿಗಾ ಘಟಕವನ್ನು ಮುಟ್ಟುವವರೆಗೆ ಕಾಯತಕ್ಕದ್ದೋ? "ಟ್ಯೂಬ್ ಹಾಕಿದರು", "ವೆಂಟಿಲೇಟರ್‌ಗೆ ಹಾಕಿದರು" ಎಂಬ ಎರಡು ಮಾತುಗಳನ್ನು ಲೋಕವ್ಯವಹಾರವು ಪರ್ಯಾಯವೆಂದು ಬಳಸುತ್ತದೆ. ಮೊದಲನೆಯದು ಮಾರ್ಗಸ್ಥಾಪನೆ, ಎರಡನೆಯದು ಆ ಮಾರ್ಗದಲ್ಲಿ ಯಂತ್ರದಿಂದ ವಾಯುಪ್ರೇರಣೆ. ಇವೆರಡರ ಸಂಕರದಿಂದಲೇ ಮೇಲಿನ ಸಂಶಯ ಹುಟ್ಟಿದೆ. ಆದ್ದರಿಂದ ಲಕ್ಷಣನಿರೂಪಣೆ ಮೊದಲು.

ಸ್ವಯಂಶ್ವಾಸವು ಸಾಲದಿರುವ ಅಥವಾ ಸಾಲದಾಗುವುದು ನಿಶ್ಚಿತವಿರುವ ದೇಹದಲ್ಲಿ, ಸ್ವರತಂತುಗಳಿಗಿಂತ ಕೆಳಗೆ, ಮುದ್ರಿತವೂ ಬಂಧಿತವೂ ಆಮ್ಲಜನಕಯುಕ್ತವೂ ಆದ ನಳಿಕಾಮಾರ್ಗವನ್ನು ಸ್ಥಾಪಿಸುವುದು ನಳಿಕಾಪ್ರವೇಶ. ಇದರ ಪದಕೃತ್ಯವನ್ನು ನೋಡಬೇಕು. 'ಸ್ವರತಂತುಗಳಿಗಿಂತ ಕೆಳಗೆ' ಎಂಬುದರಿಂದ ಗಂಟಲಿನಲ್ಲಿಯೇ ನಿಲ್ಲುವ ಸಾಧನಗಳ ವ್ಯಾವೃತ್ತಿ. 'ಮುದ್ರಿತ' ಎಂಬುದರಿಂದ ಜಠರರಸ, ರಕ್ತ, ಜೊಲ್ಲು ಶ್ವಾಸಕೋಶಕ್ಕೆ ಇಳಿಯಲು ಎಡೆಗೊಡುವ ನಳಿಕೆಯ ವ್ಯಾವೃತ್ತಿ. 'ಬಂಧಿತ' ಎಂಬುದನ್ನು ಹಗುರವೆಂದು ಬಗೆಯಬಾರದು. ಪ್ರೌಢ ಸ್ತ್ರೀಯಲ್ಲಿ ಹಲ್ಲಿನ ಮಟ್ಟಕ್ಕೆ ಸುಮಾರು 21 ಸೆಂಟಿಮೀಟರ್, ಪುರುಷನಲ್ಲಿ 23 ಸೆಂಟಿಮೀಟರ್ ಗುರುತಿನಲ್ಲಿ ನಿಲ್ಲುವ ನಳಿಕೆಗೆ ಶ್ವಾಸನಾಳದೊಳಗೆ ಇರುವ ಅವಕಾಶವೇ ಕೆಲವು ಸೆಂಟಿಮೀಟರ್. ಕಟ್ಟು ಸಡಿಲವಾಗಿ ಮೇಲೆ ಸರಿದರೆ ಹೊರಬೀಳುತ್ತದೆ, ಕೆಳಗೆ ಸರಿದರೆ ಬಲ ಶ್ವಾಸಕೋಶವೊಂದಕ್ಕೇ ಗಾಳಿ ಹೋಗುತ್ತದೆ.

ಇಲ್ಲಿ ಅವ್ಯಾಪ್ತಿದೋಷದ ಶಂಕೆ: ನಳಿಕೆಯ ತುದಿಯ ಉಬ್ಬುಪಟ್ಟಿಗೆ, ಎಂದರೆ ಕಫ್‌ಗೆ, ಗಾಳಿ ತುಂಬಿ ಮುದ್ರಿಸುವುದು ವಾಡಿಕೆ, ನವಜಾತ ಶಿಶುವಿಗೆ ಉಬ್ಬುಪಟ್ಟಿಯಿಲ್ಲದ ನಳಿಕೆಯನ್ನು ಹಾಕಲಾಗುತ್ತದೆ, ಹಾಗಾದರೆ ಶಿಶುವಿನಲ್ಲಿ ಲಕ್ಷಣವು ಅನ್ವಯಿಸದು. ಅನ್ವಯಿಸುತ್ತದೆ. ಲಕ್ಷಣದಲ್ಲಿ ಉಬ್ಬುಪಟ್ಟಿಯನ್ನು ಹೇಳದೆ ಮುದ್ರಣವನ್ನಷ್ಟೇ ಹೇಳಿರುವುದು ಇದಕ್ಕಾಗಿಯೇ. ಶಿಶುವಿನ ಕ್ರಿಕಾಯ್ಡ್ ಮೃದ್ವಸ್ಥಿಯ ಉಂಗುರವು ತಾನೇ ನಳಿಕೆಯನ್ನು ಸುತ್ತುವರಿದು ಬಹುಮಟ್ಟಿಗೆ ಮುದ್ರೆಯ ಕಾರ್ಯವನ್ನು ನಿರ್ವಹಿಸುತ್ತದೆ. ಇನ್ನು ಅತಿವ್ಯಾಪ್ತಿಶಂಕೆ: ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ನಡೆದುಕೊಂಡೇ ಬಂದವನಿಗೂ ಅರಿವಳಿಕೆ ಕೊಟ್ಟು ನಳಿಕೆ ಹಾಕುತ್ತಾರಲ್ಲ? ಕ್ರಿಯಾಸ್ವರೂಪ ಒಂದೇ, ವಿಧಿ ಬೇರೆ. ಅಲ್ಲಿಯದು ಕಾಮ್ಯ: ಫಲವನ್ನು ಬಯಸಿ, ದಿನ ನಿಶ್ಚಯಿಸಿ, ಹೊಟ್ಟೆ ಖಾಲಿಯಿರಿಸಿ ಮಾಡುವಂಥದ್ದು, ಕಷ್ಟವೆನಿಸಿದರೆ ರೋಗಿಯನ್ನು ಎಚ್ಚರಿಸಿ ಮುಂದೂಡಬಹುದು. ಇಲ್ಲಿಯದು ನೈಮಿತ್ತಿಕ: ನಿಮಿತ್ತ ಒದಗಿದ ಕ್ಷಣ ಕರ್ತವ್ಯವಾಗುವಂಥದ್ದು, ಎಚ್ಚರಿಸಿ ಹಿಂದಿರುಗುವ ದಾರಿ ಇಲ್ಲ. ಕಾಮ್ಯದಲ್ಲಿ ಕಲಿತ ಕೈಚಳಕವೇ ನೈಮಿತ್ತಿಕಕ್ಕೂ ಸಾಕೆಂಬ ನಂಬಿಕೆ ಶಸ್ತ್ರಚಿಕಿತ್ಸಾಗಾರದ ಹೊರಗೆ ಎಷ್ಟೋ ಸಲ ಮುರಿದುಬಿದ್ದಿದೆ.

ಶ್ವಾಸಪಥಸಾಧನಗಳು ಚತುರ್ವಿಧ. ಬಾಹ್ಯ: ಮುಖಕ್ಕೆ ಅವುಚಿ ಹಿಡಿಯುವ ಮಾಸ್ಕ್, ಆಂಬು ಬ್ಯಾಗ್, ಬಿಗಿಮಾಸ್ಕ್‌ನ ಮೂಲಕ ಯಂತ್ರದಿಂದ ಕೊಡುವ ಒತ್ತಡವಾಯು. ಉಪರಿಸ್ವರ: ಧ್ವನಿಪೆಟ್ಟಿಗೆಯ ಬಾಯಿಯ ಮೇಲೆ ಕೂರುವ ಲಾರಿಂಜಿಯಲ್ ಮಾಸ್ಕ್, ಇಂಗ್ಲೆಂಡಿನ ಅರಿವಳಿಕೆ ವೈದ್ಯ ಆರ್ಚಿ ಬ್ರೇನ್ 1981ರಲ್ಲಿ ರೂಪಿಸಿದ್ದು. ಅಧಃಸ್ವರ: ಬಾಯಿ ಅಥವಾ ಮೂಗಿನಿಂದ ಸ್ವರತಂತುಗಳ ನಡುವೆ ಹಾಯುವ ನಳಿಕೆ. ಛೇದಜನ್ಯ: ಕತ್ತಿನ ಮುಂಭಾಗವನ್ನು ಕೊಯ್ದು ನೇರವಾಗಿ ಶ್ವಾಸನಾಳಕ್ಕೆ ಹಾಕುವುದು. ಕೊನೆಯದು ಮತ್ತೆ ದ್ವಿವಿಧ. ಕ್ರಿಕೋಥೈರಾಯ್ಡ್ ಪೊರೆಯನ್ನು ಸೀಳುವುದು ಕ್ಷಣಗಳ ಕಾರ್ಯ, ಉಳಿದೆಲ್ಲ ವಿಫಲವಾದಾಗಿನದು. ಶ್ವಾಸನಾಳದ ಎರಡನೆಯ, ಮೂರನೆಯ ಉಂಗುರಗಳ ಬಳಿ ಮಾಡುವ ಟ್ರೇಕಿಯಾಸ್ಟಮಿ ಸಾವಧಾನದ ಕಾರ್ಯ, ದೀರ್ಘಕಾಲ ನಳಿಕೆ ಬೇಕಾದವರಿಗೆ. ಎರಡೂ 'ಗಂಟಲು ಕೊಯ್ಯುವುದೇ' ಎಂದು ಒಂದಾಗಿ ಎಣಿಸುವವರಿಗೆ ಸಾಯುತ್ತಿರುವ ರೋಗಿಯ ಮುಂದೆ ಟ್ರೇಕಿಯಾಸ್ಟಮಿಯ ತಜ್ಞನಿಗಾಗಿ ಕಾಯುವ ಭ್ರಮೆ ಉಂಟಾಗುತ್ತದೆ.

ನಾಲ್ಕರ ಪರಸ್ಪರ ಸಂಬಂಧವೇನು? ವಿಕಲ್ಪವೆಂದು ಒಂದು ಪಕ್ಷ: ಯವವಾದರೂ ಸರಿ, ವ್ರೀಹಿಯಾದರೂ ಸರಿ ಎಂಬಂತೆ ಯಾವುದಾದರೊಂದು. ಆ ಪಕ್ಷ ಸಾಧುವಲ್ಲ. ತುಲ್ಯಬಲಗಳಿಗೆ ಮಾತ್ರ ವಿಕಲ್ಪ. ಉಪರಿಸ್ವರಸಾಧನಕ್ಕೆ ಮುದ್ರಣಬಲ ಕಡಿಮೆ. ಅದನ್ನು ಪ್ರತಿನಿಧಿಯೆಂದು ಹೇಳುವುದೇ ಯುಕ್ತ, ವ್ರೀಹಿ ದೊರೆಯದಾಗ ನೀವಾರದಿಂದ ಯಾಗವನ್ನು ಮುಗಿಸುವಂತೆ. ಪ್ರತಿನಿಧಿಯನ್ನು ಶಾಸ್ತ್ರವು ಏಕೆ ಒಪ್ಪುತ್ತದೆ? ದ್ರವ್ಯವು ಶೇಷ, ಯಾಗವು ಶೇಷಿ. ಶೇಷದ ಲೋಪದಿಂದ ಶೇಷಿ ಲೋಪಿಸಬಾರದು. ಇಲ್ಲಿ ಶೇಷಿ ಆಮ್ಲಜನಕದ ಪೂರೈಕೆ, ನಳಿಕೆ ಕೇವಲ ಶೇಷ. ಈ ಕ್ರಮ ತಲೆಕೆಳಗಾದಾಗ ಏನಾಗುತ್ತದೆಂಬುದು ಎಲ್ಲ ಅರಿವಳಿಕೆ ತಜ್ಞರಿಗೂ ಗೊತ್ತು: ಲಾರಿಂಗೋಸ್ಕೋಪ್ ಹಿಡಿದವನು ಸ್ವರತಂತುಗಳನ್ನೇ ಅರಸುತ್ತ ನಿಲ್ಲುತ್ತಾನೆ, ಮಾನಿಟರಿನ ಸಂಖ್ಯೆ 90ರಿಂದ 80ಕ್ಕೆ, 80ರಿಂದ 60ಕ್ಕೆ ಇಳಿಯುತ್ತದೆ. ಅಖಿಲ ಭಾರತ ಕ್ಲಿಷ್ಟ ಶ್ವಾಸಪಥ ಸಂಘವು 2016ರಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಯತ್ನಗಳನ್ನು ಮೂರಕ್ಕೆ ಮಿತಗೊಳಿಸಿ, ಮರುಪ್ರಯತ್ನಗಳನ್ನು ಆಮ್ಲಜನಕಮಟ್ಟ 95ಕ್ಕೆ ಕಡಿಮೆಯಿಲ್ಲದಿದ್ದರೆ ಮಾತ್ರ ಅನುಮತಿಸಿರುವುದು ಶೇಷಿಯ ಪ್ರಾಧಾನ್ಯವನ್ನು ಕಾಪಾಡಲಿಕ್ಕಾಗಿ.

ಈಗ ನಿಮಿತ್ತಗಳು. ಇವು ತ್ರಿವಿಧ: ಪಥಭಂಗ, ರಕ್ಷಾಭಂಗ, ಶಕ್ತಿಭಂಗ. ಮಾರ್ಗವೇ ಮುಚ್ಚಿಹೋಗುವುದು ಪಥಭಂಗ. ಮುಖದ ಸುಟ್ಟಗಾಯ, ಗಂಟಲ ಊತ, ಕತ್ತಿನ ಪೆಟ್ಟು ಉದಾಹರಣೆಗಳು. ಮಾರ್ಗ ತೆರೆದಿದ್ದರೂ ನುಂಗುವ, ಕೆಮ್ಮುವ ಪ್ರತಿಕ್ರಿಯೆಗಳು ಅಳಿದು ಅನ್ಯದ್ರವ್ಯವು ಒಳಗಿಳಿಯುವುದು ರಕ್ಷಾಭಂಗ. ಮಾರ್ಗವೂ ರಕ್ಷೆಯೂ ಇದ್ದು ಶ್ವಾಸಕೋಶವೋ ಸ್ನಾಯುಗಳೋ ಸೋಲುವುದು ಶಕ್ತಿಭಂಗ. ಶಕ್ತಿಭಂಗವು ಪುನಃ ಆಮ್ಲಜನಕಗ್ರಹಣದ ಸೋಲು, ಇಂಗಾಲದ ಡೈಆಕ್ಸೈಡ್ ವಿಸರ್ಜನೆಯ ಸೋಲು ಎಂದು ಎರಡು ಬಗೆ. ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ ಪಾದರಸದ 60 ಮಿಲಿಮೀಟರ್‌ಗಿಂತ ಕೆಳಗಿಳಿಯುವುದು ಮೊದಲನೆಯದರ ಜ್ಞಾಪಕ. ಇಂಗಾಲದ ಡೈಆಕ್ಸೈಡ್ ಒತ್ತಡ 45ನ್ನು ಮೀರಿ ರಕ್ತವು ಆಮ್ಲೀಯವಾಗುವುದು ಎರಡನೆಯದರದು. ಈ ಉಪಭೇದಕ್ಕೆ ತಾಲ್ಲೂಕಿನಲ್ಲಿ ಬಹಳ ಬೆಲೆಯಿದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಮೊದಲನೆಯದನ್ನು ಮಾತ್ರ ತೋರಿಸುತ್ತದೆ. ಸ್ನಾಯುಗಳು ಸೋಲುತ್ತಿರುವ ರೋಗಿಗೆ ಮಾಸ್ಕ್‌ನಿಂದ ಆಮ್ಲಜನಕ ಕೊಟ್ಟರೆ ಅದು 98 ಎಂದೇ ತೋರಿಸುತ್ತಿರುತ್ತದೆ, ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತಿರುತ್ತದೆ. ಒಂದೇ ಉಸಿರಿನಲ್ಲಿ ಒಂದು, ಎರಡು ಎಂದು ಎಣಿಸಲು ಹೇಳುವ ಪರೀಕ್ಷೆಗೆ ಯಂತ್ರ ಬೇಡ. ಎಣಿಕೆ ಹದಿನೈದನ್ನು ಮುಟ್ಟದಿದ್ದರೆ ಸ್ನಾಯುಬಲ ಕುಂದಿದೆಯೆಂದು ತಿಳಿಯತಕ್ಕದ್ದು.

ಪೂರ್ವಪಕ್ಷಿ ಕೇಳಬಹುದು: ಮೂರು ನಿಮಿತ್ತಗಳ ಈ ಗೊಡವೆ ಏಕೆ? ಪ್ರಜ್ಞಾಮಾಪನದ ಗ್ಲಾಸ್ಗೋ ಅಂಕ ಎಂಟಕ್ಕೆ ಇಳಿದರೆ ನಳಿಕೆ, ಇಲ್ಲದಿದ್ದರೆ ಇಲ್ಲ. ಏಕವಾಕ್ಯವಾದ ಈ ನಿಯಮದಲ್ಲಿ ಲಾಘವವಿದೆ. ಲಾಘವವಿದೆ, ಸತ್ಯವಿಲ್ಲ. ತಲೆಪೆಟ್ಟಿನವರ ವಿಷಯದಲ್ಲಿ ಹುಟ್ಟಿದ ನಿಯಮವನ್ನು ಎಲ್ಲೆಡೆಗೆ ಅತಿದೇಶಿಸಿದ್ದರಿಂದ ಎರಡು ದೋಷಗಳು ಬಂದಿವೆ. ಅತಿವ್ಯಾಪ್ತಿ: ಮದ್ಯವೋ ನಿದ್ರೆಮಾತ್ರೆಯೋ ಅತಿಯಾಗಿ ಅಂಕ ಇಳಿದವನು ಕೆಲವು ಗಂಟೆಗಳಲ್ಲಿ ತಾನೇ ಏಳಬಹುದು. ಫ್ರಾನ್ಸಿನಲ್ಲಿ ಇಂಥ 225 ವಿಷಬಾಧಿತರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಯಾದೃಚ್ಛಿಕ ಅಧ್ಯಯನದಲ್ಲಿ ನಳಿಕೆಯನ್ನು ತಡೆಹಿಡಿದ ಗುಂಪಿನ ಫಲವೇ ಮೇಲಾಯಿತು. ಯಾವ ಗುಂಪಿನಲ್ಲಿಯೂ ಸಾವು ಸಂಭವಿಸಲಿಲ್ಲ. ಅವ್ಯಾಪ್ತಿ ಇದಕ್ಕಿಂತ ಘೋರ, ಅದು ಕಟ್ಟುಹಾವಿನ ಪ್ರಕರಣದಲ್ಲಿ ಕಾಣುತ್ತದೆ.

ಶಿಡ್ಲಘಟ್ಟದ ಕಡೆಯ ಹುಳುಮನೆಯಲ್ಲಿಯೋ ಗೌರಿಬಿದನೂರಿನ ಮುಸುಕಿನ ಜೋಳದ ಹೊಲದ ಮನೆಯಲ್ಲಿಯೋ ನೆಲದ ಮೇಲೆ ಮಲಗಿದವನನ್ನು ಕಟ್ಟುಹಾವು ರಾತ್ರಿ ಕಚ್ಚುತ್ತದೆ. ಗಾಯದಲ್ಲಿ ನೋವಿಲ್ಲ, ಊತವಿಲ್ಲ, ಕಚ್ಚಿದ್ದೇ ತಿಳಿಯದಿರಬಹುದು. ಬೆಳಗಿನ ಜಾವಕ್ಕೆ ಹೊಟ್ಟೆನೋವು, ಅನಂತರ ರೆಪ್ಪೆ ಜೋಲುವುದು, ಮಾತು ತೊದಲುವುದು, ಜೊಲ್ಲು ನುಂಗಲಾಗದಿರುವುದು, ಕತ್ತು ಎತ್ತಲಾಗದಿರುವುದು, ಕೊನೆಗೆ ವಪೆಯ ಸ್ತಂಭನ. ಈ ಅವರೋಹಣಕ್ರಮದಲ್ಲಿ ರಕ್ಷಾಭಂಗ ಮೊದಲು, ಶಕ್ತಿಭಂಗ ಆಮೇಲೆ, ಪ್ರಜ್ಞೆಗೆ ಭಂಗವಿಲ್ಲ. ಗ್ಲಾಸ್ಗೋ ಅಂಕವನ್ನೇ ಕಾಯುತ್ತ ಕುಳಿತವನಿಗೆ ನಿಮಿತ್ತ ಕಾಣುವುದೇ ಇಲ್ಲ. ನಾಗರಹಾವಿನ ವಿಷ ನರ-ಸ್ನಾಯು ಸಂಧಿಯ ಆಚೆದಡದಲ್ಲಿ ತಡೆಯೊಡ್ಡುವುದರಿಂದ ನಿಯೋಸ್ಟಿಗ್ಮೀನ್‌ಗೆ ಮಣಿಯುವುದುಂಟು. ಕಟ್ಟುಹಾವಿನದು ನರದ ತುದಿಯನ್ನೇ ಕೆಡಿಸುತ್ತದೆ. ಒಮ್ಮೆ ಕೆಟ್ಟದ್ದನ್ನು ಪ್ರತಿವಿಷವು ಸರಿಪಡಿಸದು, ತುದಿ ಮತ್ತೆ ಬೆಳೆಯುವ ದಿನಗಳವರೆಗೆ ಉಸಿರನ್ನು ನಡೆಸಿಕೊಡುವುದೇ ಚಿಕಿತ್ಸೆ. ಕರ್ನಾಟಕವು 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ರೋಗವೆಂದು ಘೋಷಿಸಿ ವರದಿಯನ್ನು ಕಡ್ಡಾಯಗೊಳಿಸಿತು. ವರದಿಯ ಜೊತೆಗೆ ಉಸಿರಿನ ಎಣಿಕೆಯನ್ನೂ ಗಂಟೆಗೊಮ್ಮೆ ಬರೆದಿಡುವಂತಾದರೆ ಆ ಘೋಷಣೆಗೆ ಸಾರ್ಥಕ್ಯ ಹೆಚ್ಚೀತು.

ಇಲ್ಲಿ ಒಂದು ಸೂಕ್ಷ್ಮಾಕ್ಷೇಪ. ರೆಪ್ಪೆ ಜೋತಿದ್ದರೂ ಉಸಿರು ಇನ್ನೂ ನಡೆಯುತ್ತಿದೆ, ಬರಲಿರುವ ಭಂಗವು ಈಗ ಅಸತ್, ಅಸತ್ತು ನಿಮಿತ್ತವಾಗದು, ಆದ್ದರಿಂದ ಲಕ್ಷಣದಲ್ಲಿ 'ಸಾಲದಾಗುವುದು ನಿಶ್ಚಿತವಿರುವ' ಎಂಬ ಪದ ವ್ಯರ್ಥ. ಸಮಾಧಾನ: ನಿಮಿತ್ತವು ಭಾವಿಭಂಗವಲ್ಲ, ಅದರೊಡನೆ ವ್ಯಾಪ್ತವಾದ ವರ್ತಮಾನಲಿಂಗ. ತೊದಲು, ಜೊಲ್ಲು, ಎತ್ತಲಾಗದ ಕತ್ತು ಇವು ಈಗಲೇ ಸತ್. ಅಂತೆಯೇ ಬೆಂಕಿಯ ಹೊಗೆಯಲ್ಲಿ ಸಿಕ್ಕಿದವನ ಒಡೆದ ದನಿ, ಮೂಗಿನೊಳಗಿನ ಮಸಿ. ಲಿಂಗವಿಲ್ಲದೆ 'ಏನಾದರೂ ಆದೀತು' ಎಂಬ ಭಯ ಮಾತ್ರ ಇರುವಲ್ಲಿ ಆಕ್ಷೇಪವೇ ಗೆಲ್ಲುತ್ತದೆ; ಅಲ್ಲಿ ನಳಿಕೆ ಅಕರ್ತವ್ಯ.

ಕೀಟನಾಶಕದ ಪ್ರಕರಣ ಇನ್ನೊಂದು ಭೇದವನ್ನು ತೋರಿಸುತ್ತದೆ. ಚಿಂತಾಮಣಿಯ ಟೊಮೆಟೊ ತೋಟಕ್ಕೆ ಸಿಂಪಡಿಸುವ ಆರ್ಗನೋಫಾಸ್ಫೇಟ್ ಔಷಧಿ ಹೊಟ್ಟೆಗೆ ಹೋದರೆ ಮೊದಲ ಗಂಟೆಗಳಲ್ಲಿ ಬಾಯಿ, ಶ್ವಾಸಕೋಶಗಳಲ್ಲಿ ದ್ರವ ಉಕ್ಕುತ್ತದೆ. ಅಟ್ರೋಪಿನ್ ಅದನ್ನು ಒಣಗಿಸುತ್ತದೆ. ಅಟ್ರೋಪಿನ್‌ನಿಂದಲೇ ಕಾರ್ಯಸಿದ್ಧಿಯಾಗುವುದರಿಂದ ನಳಿಕೆ ಅನರ್ಥಕ ಎಂಬ ಪಕ್ಷ ಇಲ್ಲಿಂದ ಹೊರಡುತ್ತದೆ. ಅದು ಗ್ರಂಥಿಗಳ ಮಟ್ಟಿಗೆ ನಿಜ. ಸ್ನಾಯುಗಳ ಸಂಧಿಯಲ್ಲಿ ಅಟ್ರೋಪಿನ್‌ಗೆ ಪ್ರಭಾವವಿಲ್ಲ. 1987ರಲ್ಲಿ ಶ್ರೀಲಂಕಾದ ಸೇನಾನಾಯಕೆ ಮತ್ತು ಕರಲ್ಲಿಯೆದ್ದೆ ವರ್ಣಿಸಿದ ಮಧ್ಯಂತರ ಲಕ್ಷಣಕೂಟವು ಒಂದರಿಂದ ನಾಲ್ಕು ದಿನಗಳ ನಡುವೆ ತಲೆದೋರುತ್ತದೆ: ಚೇತರಿಸಿಕೊಂಡು ಮಾತನಾಡುತ್ತಿದ್ದವನಿಗೆ ದಿಂಬಿನಿಂದ ತಲೆ ಎತ್ತಲಾಗುವುದಿಲ್ಲ, ಅನಂತರ ಉಸಿರು ಕುಂದುತ್ತದೆ. ಒಂದೇ ವಿಷ, ಕಾಲಭೇದದಿಂದ ಎರಡು ನಿಮಿತ್ತ. ಮೊದಲನೆಯದು ಕಳೆಯಿತೆಂದು ಎರಡನೆಯ ದಿನವೇ ಮನೆಗೆ ಕಳುಹಿಸುವವರು ಈ ಭೇದವನ್ನು ತಿಳಿಯದವರು.

ಇತಿಕರ್ತವ್ಯತೆಯನ್ನು ವಿಸ್ತರಿಸುವ ಅಗತ್ಯವಿಲ್ಲ. ಅದು ಹಸ್ತಶಿಕ್ಷಣದ ವಿಷಯ. ಎರಡು ಅಂಗಗಳನ್ನು ಮಾತ್ರ ಹೇಳಬೇಕು. ಒಂದು, ಔಷಧಾಂಗ: ಸ್ನಾಯುಗಳನ್ನು ಕ್ಷಣಕಾಲ ಸಡಿಲಿಸಲು ಬಳಸುವ ಸಕ್ಸಿನೈಲ್‌ಕೋಲಿನ್ ಅನ್ನು ಕರಗಿಸುವ ಕಿಣ್ವವನ್ನೇ ಆರ್ಗನೋಫಾಸ್ಫೇಟ್ ಕಟ್ಟಿಹಾಕಿರುತ್ತದೆ, ಕೆಲವು ನಿಮಿಷಗಳ ಪರಿಣಾಮ ಗಂಟೆಗಳವರೆಗೆ ಲಂಬಿಸೀತು. ಸಾಮಾನ್ಯವಿಧಿಗೆ ಇಲ್ಲಿ ಬಾಧ, ರೊಕ್ಯುರೋನಿಯಂ ಗ್ರಾಹ್ಯ. ಎರಡು, ಪ್ರಮಾಣಾಂಗ: ನಳಿಕೆ ಶ್ವಾಸನಾಳದಲ್ಲಿದೆಯೋ ಅನ್ನನಾಳದಲ್ಲಿದೆಯೋ ಎಂಬ ನಿಶ್ಚಯ. ಜ್ಞಾನವು ಬಾಧಕ ಬರುವವರೆಗೆ ತಾನೇ ಪ್ರಮಾಣವೆಂಬ ಸ್ವತಃಪ್ರಾಮಾಣ್ಯವಾದವು ಮೀಮಾಂಸಕರಿಗೆ ಪ್ರಿಯ. ಇಲ್ಲಿ ಅದನ್ನು ಬಿಟ್ಟು ಪರತಃಪ್ರಾಮಾಣ್ಯವನ್ನೇ ಹಿಡಿಯಬೇಕಾಗುತ್ತದೆ: ಬೇರೆ ಪ್ರಮಾಣದಿಂದ ಸಿದ್ಧವಾಗುವವರೆಗೆ ನಳಿಕೆ ಅನ್ನನಾಳದಲ್ಲಿದೆಯೆಂದೇ ಬಗೆಯತಕ್ಕದ್ದು. 'ತಂತುಗಳ ನಡುವೆ ಹೋದದ್ದನ್ನು ಕಂಡೆ' ಎಂಬ ಪ್ರತ್ಯಕ್ಷವು ಆತುರದಲ್ಲಿ ಭ್ರಮೆಯಾಗುವುದುಂಟು. ನಳಿಕೆಯೊಳಗೆ ಕಟ್ಟಿದ ಹಬೆ ಹೇತ್ವಾಭಾಸ. ಸ್ಟೆತಸ್ಕೋಪಿನ ಸದ್ದು ದುರ್ಬಲ ಲಿಂಗ. ಉಸಿರುಸಿರಿಗೂ ಇಂಗಾಲದ ಡೈಆಕ್ಸೈಡಿನ ಅಲೆಯನ್ನು ಬರೆಯುವ ಕ್ಯಾಪ್ನೋಗ್ರಾಫ್ ಒಂದೇ ಬಲವತ್ಪ್ರಮಾಣ. ಹೃದಯ ನಿಂತಾಗ ಅಲೆ ಬರುವುದಿಲ್ಲವಲ್ಲ ಎಂಬ ಆಕ್ಷೇಪ ಪುರಾತನ. ಎದೆಯೊತ್ತು ನಡೆಯುತ್ತಿದ್ದರೆ ಕುಗ್ಗಿದ ಅಲೆಯಾದರೂ ಬರುತ್ತದೆ. ರೇಖೆ ಪೂರ್ತಿ ಸಪಾಟಾಗಿದ್ದರೆ ದೋಷವನ್ನು ಹೃದಯದಲ್ಲಿ ಹುಡುಕದೆ ನಳಿಕೆಯಲ್ಲಿ ಹುಡುಕಬೇಕು.

ಇನ್ನು ಪ್ರಧಾನ ಸಂಶಯ. ಪೂರ್ವಪಕ್ಷ ಮೂರು ಯುಕ್ತಿಗಳನ್ನು ಮುಂದಿಡುತ್ತದೆ. ತಾಲ್ಲೂಕಿನಲ್ಲಿ ವೆಂಟಿಲೇಟರ್ ಇಲ್ಲ, ಇದ್ದರೂ ನಡೆಸುವವರಿಲ್ಲ. ಯಂತ್ರವಿಲ್ಲದೆ ನಳಿಕೆ ನಿಷ್ಫಲ. ಅಧಿಕಾರವುಳ್ಳ ಕರ್ತೃವಿಲ್ಲ. ಗೌರಿಬಿದನೂರಿನಿಂದ ದೊಡ್ಡಬಳ್ಳಾಪುರ, ಯಲಹಂಕಗಳ ಮೂಲಕ ಬೆಂಗಳೂರಿಗೆ ಸುಮಾರು 75 ಕಿಲೋಮೀಟರ್. ನಳಿಕೆಗಾಗಿ ಕಳೆಯುವ ಅರ್ಧ ಗಂಟೆಯಲ್ಲಿ ಅರ್ಧ ದಾರಿ ಸಾಗುತ್ತದೆ.

ಮೊದಲನೆಯದು ಆದಿಯಲ್ಲಿ ಹೇಳಿದ ಸಂಕರದ ಫಲ. ಮಾರ್ಗಕ್ಕೆ ಯಂತ್ರ ಅನಿವಾರ್ಯವಲ್ಲ. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿದಾಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ ಹನ್ನೆರಡು ವರ್ಷದ ಹುಡುಗಿಯೊಬ್ಬಳಿಗೆ ಟ್ರೇಕಿಯಾಸ್ಟಮಿ ಮಾಡಿಸಿ ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರಾಡಿಸಿದ. ಮುಂದಿನ ತಿಂಗಳುಗಳಲ್ಲಿ ಸುಮಾರು 1,500 ವೈದ್ಯವಿದ್ಯಾರ್ಥಿಗಳು ಸರದಿಯಲ್ಲಿ ಕುಳಿತು ಚೀಲ ಒತ್ತಿದರು; ಉಸಿರು ಸ್ತಂಭಿಸಿದವರಲ್ಲಿ ನೂರಕ್ಕೆ ಎಂಬತ್ತನ್ನು ಮೀರಿದ್ದ ಮರಣಪ್ರಮಾಣ ನಲವತ್ತರ ಆಸುಪಾಸಿಗೆ ಇಳಿಯಿತು. ತೀವ್ರನಿಗಾ ಘಟಕವೆಂಬ ಸಂಸ್ಥೆ ಹುಟ್ಟಿದ್ದು ಆ ಕೈಗಳಿಂದ. ತಾಲ್ಲೂಕು ಆಸ್ಪತ್ರೆಯ ಆಂಬು ಬ್ಯಾಗ್ ಅದೇ ಚೀಲದ ವಂಶದ್ದು. ಎರಡು ಗಂಟೆಗಳ ದಾರಿಗೆ ಅದು ಸಾಕು.

ಎರಡನೆಯ ಯುಕ್ತಿಯನ್ನು ಭಾಗಶಃ ಒಪ್ಪಬೇಕು. ಸಾಮರ್ಥ್ಯವಿಲ್ಲದವನಿಗೆ ಕರ್ಮದಲ್ಲಿ ಅಧಿಕಾರವಿಲ್ಲ. ತಪ್ಪಿದ ನಳಿಕೆ ಹಾಕದ ನಳಿಕೆಗಿಂತ ಅಪಾಯಕರ. ಆದರೆ ಅಧಿಕಾರವು ಕಟ್ಟಡದ ದರ್ಜೆಯನ್ನು ಅನುಸರಿಸುವುದಿಲ್ಲ. ಸಿಸೇರಿಯನ್ ಹೆರಿಗೆ ನಡೆಯುವ ತಾಲ್ಲೂಕು ಆಸ್ಪತ್ರೆಗೆ ಅರಿವಳಿಕೆ ವೈದ್ಯರು ಬರುತ್ತಾರೆಂದ ಮೇಲೆ ಅದೇ ಕೈ, ಅದೇ ಲಾರಿಂಗೋಸ್ಕೋಪ್ ಹತ್ತು ಹೆಜ್ಜೆ ಆಚೆಯ ತುರ್ತುಚಿಕಿತ್ಸಾ ಕೊಠಡಿಗೆ ನಡೆದು ಬರಲು ಯಾವ ನಿಷೇಧವಾಕ್ಯವಿದೆ? ಕರ್ತೃವೇ ಇಲ್ಲದ ವೇಳೆ ಪ್ರತಿನಿಧಿನ್ಯಾಯ: ಪ್ರಜ್ಞೆಯಿಲ್ಲದವನಿಗೆ ಉಪರಿಸ್ವರಸಾಧನ, ಅದೂ ಆಗದಿದ್ದರೆ ಇಬ್ಬರು ಸೇರಿ, ಒಬ್ಬರು ಮಾಸ್ಕ್ ಅವುಚಿ ಇನ್ನೊಬ್ಬರು ಚೀಲ ಒತ್ತುವುದು.

ಮೂರನೆಯ ಯುಕ್ತಿಯಲ್ಲಿ ಪ್ರಯಾಣವನ್ನು ಏಕರೂಪವೆಂದು ಭಾವಿಸಲಾಗಿದೆ. ಮಾರ್ಗ ಭದ್ರವಿದ್ದವನ ಪ್ರಯಾಣ ಬೇರೆ, ದಾರಿಯಲ್ಲಿ ಮಾರ್ಗಭಂಗವಾಗುವವನ ಪ್ರಯಾಣ ಬೇರೆ. ಎರಡನೆಯವನಿಗೆ ನಿಮಿತ್ತ ಪಕ್ವವಾಗುವ ಸ್ಥಳ ದೊಡ್ಡಬಳ್ಳಾಪುರದ ಆಚೆ ಓಡುತ್ತಿರುವ ಆಂಬುಲೆನ್ಸ್: ಬೆಳಕಿಲ್ಲ, ತಲೆಯ ಹಿಂದೆ ನಿಲ್ಲಲು ಜಾಗವಿಲ್ಲ, ಎರಡನೆಯ ಕೈಯಿಲ್ಲ. 2008ರಲ್ಲಿ ಆರಂಭವಾದ 108 ಆರೋಗ್ಯ ಕವಚವು ರೋಗಿಯನ್ನು ವೇಗವಾಗಿ ಒಯ್ಯಬಲ್ಲುದು. ಒಯ್ಯುವ ವಾಹನವನ್ನು ಶಸ್ತ್ರಚಿಕಿತ್ಸಾಗಾರವಾಗಿಸಲಾರದು. ಆಮ್ಲಜನಕದ ಲೆಕ್ಕವನ್ನೂ ಹಾಕಬೇಕು. ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1,500 ಲೀಟರ್. ನಿಮಿಷಕ್ಕೆ 15 ಲೀಟರಿನಂತೆ 100 ನಿಮಿಷ, 10 ಲೀಟರಿನಂತೆ 150 ನಿಮಿಷ. ಯಲಹಂಕದ ಮುಂದಿನ ವಾಹನದಟ್ಟಣೆಯನ್ನು ಸೇರಿಸಿದರೆ ಮೊದಲ ಲೆಕ್ಕ ತೀರ ಇಕ್ಕಟ್ಟಾದದ್ದು. ಆದ್ದರಿಂದ ಸಿದ್ಧಾಂತ: ನಳಿಕೆಯ ಕಾಲವನ್ನು ರೋಗಿಯ ನಿಮಿತ್ತ ನಿರ್ಣಯಿಸುತ್ತದೆ, ಸ್ಥಾನವು ಸಾಧನವನ್ನು ಮಾತ್ರ ನಿರ್ಣಯಿಸುತ್ತದೆ.

ಈ ಉತ್ಸರ್ಗಕ್ಕೆ ಅಪವಾದಗಳಿವೆ. ಸಕ್ಕರೆ ಕಾಯಿಲೆಯ ಕೀಟೋಆಮ್ಲತೆಯಲ್ಲಿ ರೋಗಿ ಆಳವಾಗಿ, ವೇಗವಾಗಿ ಉಸಿರಾಡುವುದು ಸೋಲಿನ ಕುರುಹಲ್ಲ, ರಕ್ತದ ಆಮ್ಲವನ್ನು ಹೊರಹಾಕುವ ದೇಹದ ಉಪಾಯ. ಅವನ ಸ್ನಾಯುಗಳನ್ನು ಸಡಿಲಿಸಿ ಸಾಮಾನ್ಯಗತಿಯಲ್ಲಿ ಚೀಲ ಒತ್ತಿದರೆ ಹೃದಯ ನಿಲ್ಲಬಹುದು. ರಕ್ತದ ಸಕ್ಕರೆ ಕುಸಿದು ಬಿದ್ದವನಿಗೆ ಗ್ಲೂಕೋಸ್ ಮೊದಲು. ಬೀಡಿ ಸೇದಿ ಶ್ವಾಸಕೋಶ ಕೆಟ್ಟವನ ಉಬ್ಬಸಕ್ಕೆ, ಪ್ರಜ್ಞೆಯಿರುವವರೆಗೆ ಬಿಗಿಮಾಸ್ಕ್‌ನ ಒತ್ತಡವಾಯುವೇ ಶ್ರೇಯಸ್ಕರ.

ಉಳಿದದ್ದು ನಿವೃತ್ತಿವಿಚಾರ. "ಮೆಷಿನ್‌ಗೆ ಹಾಕಿದರೆ ಮತ್ತೆ ತೆಗೆಯೋಕೆ ಆಗಲ್ಲ, ಹಾಕಲೇಬೇಡಿ" ಎಂದು ಬಂಧುಗಳು ಬೇಡುವುದು ಅಜ್ಞಾನವೆಂದು ತಳ್ಳುವಂಥದ್ದಲ್ಲ. ಆರಂಭಿಸಿದ ಕರ್ಮವನ್ನು ಸಮಾಪ್ತಿಗೊಳಿಸಲೇಬೇಕೆಂಬ ನಿಯಮವನ್ನು ಅವರು ಇಲ್ಲಿಗೂ ಅನ್ವಯಿಸುತ್ತಾರೆ. ಆ ನಿಯಮಕ್ಕೆ ಈಗ ಬಾಧಕವಚನವಿದೆ. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಘನತೆಯ ಮರಣದ ಹಕ್ಕನ್ನು ಒಪ್ಪಿ, 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿ 30ರ ಆದೇಶದಿಂದ ಅದನ್ನು ರಾಜ್ಯದ ಆಸ್ಪತ್ರೆಗಳಲ್ಲಿ ಆಚರಣೆಗೆ ತಂದಿತು. ಚೇತರಿಕೆಯ ಆಶೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯುವ ಪ್ರಸ್ತಾಪವನ್ನು ಪ್ರಾಥಮಿಕ ವೈದ್ಯಮಂಡಳಿಯೂ, ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸಿದ ವೈದ್ಯರಿರುವ ದ್ವಿತೀಯ ಮಂಡಳಿಯೂ ಪರಿಶೀಲಿಸುತ್ತವೆ. ಆಪ್ತರ ಸಮ್ಮತಿ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಹಾಗಾಗಿ, ತೆಗೆಯಲಾಗದೆಂಬ ಭಯದಿಂದ ಹಾಕದಿರುವುದಕ್ಕೆ ಆಧಾರವಿಲ್ಲ.

ನಿವೃತ್ತಿಯಲ್ಲಿ ಮೂರು ಭಿನ್ನ. ನಿಮಿತ್ತ ಕಳೆದು ನಳಿಕೆ ತೆಗೆಯುವುದು ಒಂದು. ಚಿಕಿತ್ಸೆ ನಿಷ್ಫಲವೆಂದು ನಿಶ್ಚಯಿಸಿ ತೆಗೆಯುವುದು ಎರಡು. ಮೆದುಳುಕಾಂಡ ಮೃತವೆಂದು 1994ರ ಅಂಗಾಂಗ ಕಸಿ ಕಾಯಿದೆಯಂತೆ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಘೋಷಿಸುವುದು ಮೂರು. ಕಟ್ಟುಹಾವಿನ ರೋಗಿ ಈ ಮೂರನ್ನೂ ಕಲಸಿಬಿಡಬಲ್ಲ. ಅವನ ಕಣ್ಣಪಾಪೆ ಹಿಗ್ಗಿ ಬೆಳಕಿಗೆ ಕದಲದು, ರೆಪ್ಪೆ ಏಳದು, ಕೈಕಾಲು ಮಿಸುಕದು, ಸ್ವಂತ ಉಸಿರಿಲ್ಲ. ಹೊರಗಿನಿಂದ ಮೆದುಳುಕಾಂಡದ ಮರಣವನ್ನೇ ಹೋಲುತ್ತಾನೆ, ಒಳಗೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರಬಹುದು. ಸ್ನಾಯುಸ್ತಂಭಕ ವಿಷ ಅಥವಾ ಔಷಧದ ಪ್ರಭಾವ ನಿವಾರಣೆಯಾಗದೆ ಆ ಪರೀಕ್ಷೆಗೆ ಅಧಿಕಾರವೇ ಹುಟ್ಟುವುದಿಲ್ಲ. ಇಂಥವನನ್ನು ಗೌರಿಬಿದನೂರಿನಿಂದ ಕಳುಹಿಸುವ ಚೀಟಿಯಲ್ಲಿ ನಳಿಕೆಯ ಅಳತೆ, ಹಲ್ಲಿನ ಮಟ್ಟದ ಗುರುತು, ಕೊಟ್ಟ ಔಷಧ, ಗಂಟೆ ಇವುಗಳೊಡನೆ "ಕಟ್ಟುಹಾವು ಕಡಿತದ ಶಂಕೆ, ಸ್ತಂಭನಕ್ಕೆ ಮುನ್ನ ಪ್ರಜ್ಞೆಯಿತ್ತು" ಎಂಬ ಸಾಲು ಇರಲೇಬೇಕು; ಏಕೆಂದರೆ ನೆಲದ ಮೇಲೆ ಮಲಗಿದ್ದ, ರೆಪ್ಪೆ ಜೋತಿತ್ತು ಎಂಬುದನ್ನು ಕಂಡವರು ಇಲ್ಲಿದ್ದಾರೆ, ಅಲ್ಲಿ ಇಲ್ಲ.